ಎಡಗೈಗೆ ಸಿಕ್ಕ ಮನೆ

ಆ ಕಾಲದಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿದ್ದ ಕನ್ನಡದ ಹುಡುಗರಲ್ಲಿ ಬಸಲಿಂಗಮ್ಮನ ರೊಟ್ಟಿ ತಿನ್ನದವರು ಯಾರಾದರೂ ಇದ್ದರೆ ಅವರಿಗೆ ಹಲ್ಲಿರಲಿಲ್ಲ ಅಂತಲೇ ಅರ್ಥ. ಎರಡು ಸಾವಿರದ ಐದರ ಆಸುಪಾಸು. ಹೈಟೆಕ್ ಸಿಟಿ ಕಡೆ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಬೆಂಗಳೂರು, ಮೈಸೂರು, ಉಡುಪಿ ಕಡೆಯ ಮಕ್ಕಳು ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡು ಬೆಳಿಗ್ಗೆ ಬಸ್ಸಿಗೆ ಓಡುತ್ತಿದ್ದರು, ಸಂಜೆ ಬಂದು ಹಸಿದ ಕರುಗಳ ಹಾಗೆ ಆಕೆಯ ಅಂಗಡಿ ಮುಂದೆ ನಿಲ್ಲುತ್ತಿದ್ದರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಅದನ್ನು ಬಿಟ್ಟು ಬೇರೇನನ್ನೂ ಆಕೆ ಮಾರುತ್ತಿರಲಿಲ್ಲ.

ಅಂಗಡಿ ಅಂದರೆ ಯಾರದೋ ಮನೆಯ ಕಾರಿನ ಶೆಡ್ಡು. ಮುಂದೆ ಒಂದು ಮೇಜು, ಹಿಂದೆ ಒಲೆ, ಎರಡರ ನಡುವೆ ಹಳೇ ಸೀರೆಯ ಪರದೆ. ಆಚೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಸದ್ದು ನಿಂತ ಮೇಲೆ ಬಲಗೈಯಲ್ಲಿ ರೊಟ್ಟಿ ಹಿಡಿದು ಬಸಲಿಂಗಮ್ಮ ಹೊರಗೆ ಬರುತ್ತಿದ್ದರು. ಪರದೆ ಹೊಗೆ ತಡೆಯಲಿಕ್ಕೆ ಅಂತ ನಾನು ಬಹಳ ದಿನ ತಿಳಿದಿದ್ದೆ. ಗ್ಯಾಸಿನ ಒಲೆಗೆ ಹೊಗೆ ಎಲ್ಲಿಂದ ಬರಬೇಕು!

ನಾನು ವತ್ಸಲಾ, ಮೈಸೂರಿನವಳು. ಅಲ್ಲೇ ಒಂದು ಇಂಟರ್‌ಮೀಡಿಯೆಟ್ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಬಸಲಿಂಗಮ್ಮನ ಮನೆಯಿದ್ದ ಕಟ್ಟಡದಲ್ಲೇ, ಅವರ ಮೇಲಿನ ಮಹಡಿಯಲ್ಲಿ ನನ್ನ ವಾಸ. ನನ್ನ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ, ನಾಲಿಗೆ ಅದಕ್ಕಿಂತ ಮುಂದೆ. ಪರದೆಯ ಗುಟ್ಟು ಗೊತ್ತಾದದ್ದೂ ಈ ಸ್ವಭಾವದಿಂದಲೇ. ಒಂದು ದಿನ ಹಸಿವಾಗಿ, ಕಾಯಲಾರದೆ, ಪರದೆ ಸರಿಸಿ ಒಳಗೆ ನುಗ್ಗಿಬಿಟ್ಟೆ. ಆಕೆ ಎಡಗೈಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಬೇರೆಯವರ ರೊಟ್ಟಿ ಯಾವ ಕಡೆ ತಿರುಗುತ್ತದೋ ಅದರ ಉಲ್ಟಾ ಕಡೆಗೆ ಅದು ಬುಗುರಿಯ ಹಾಗೆ ತಿರುಗುತ್ತಿತ್ತು. ನನ್ನನ್ನು ನೋಡಿದ್ದೇ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡರು.

"ಯಾರಿಗೂ ಹೇಳಬ್ಯಾಡ್ರಿ ಅಕ್ಕಾರ. ಎಡಗೈ ರೊಟ್ಟಿ ಅಂದ್ರ ಜನ ತಿನ್ನೂದಿಲ್ಲ" ಅಂದರು.

ಲಿಂಗಸುಗೂರಿನ ಕಡೆಯ ಹಳ್ಳಿಯಲ್ಲಿ ಹುಟ್ಟಿದ ಹೆಂಗಸು. ಚಿಕ್ಕಂದಿನಲ್ಲಿ ಅವ್ವ ಎಡಗೈಗೆ ಬಟ್ಟೆ ಸುತ್ತಿ ಊಟಕ್ಕೆ ಕೂರಿಸುತ್ತಿದ್ದಳಂತೆ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ನೋಡಿ, ಬಡಿದ ರೊಟ್ಟಿಯನ್ನು ಎಮ್ಮೆಗೆ ಹಾಕಿದರಂತೆ. ಬಲಗೈಯಲ್ಲಿ ಬಡಿಸುವುದು, ಕೊಡುವುದು, ಕುಂಕುಮ ಹಚ್ಚುವುದು ಎಲ್ಲವನ್ನೂ ಆಕೆ ಕಲಿತರು. ರೊಟ್ಟಿ ಮಾತ್ರ ಬಲಗೈಗೆ ಒಗ್ಗಲಿಲ್ಲ. ಅಂಗಡಿ ಹಾಕಿದಾಗ ಗಂಡ ಶಿವಶರಣಪ್ಪನವರೇ "ನಡಕ ಒಂದು ಪರದೆ ಕಟ್ಟು, ಮಂದಿಗೆ ಕಾಣಬಾರ್ದು" ಅಂದರಂತೆ. ಇದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು. ಆದರೆ ಆಕೆಗೆ ಗಂಡನ ಮೇಲೆ ಒಂದಿಷ್ಟೂ ಸಿಟ್ಟಿರಲಿಲ್ಲ. "ಅವ್ರು ಹೇಳಿದ್ದು ಅಂಗಡಿ ನಡೀಲಿ ಅಂತ್ರಿ" ಅಂದುಬಿಟ್ಟರು.

ಶಿವಶರಣಪ್ಪನವರ ಬಗ್ಗೆ ಹೇಳದೆ ಆಕೆಯ ಕಥೆ ಮುಂದೆ ಹೋಗುವುದಿಲ್ಲ. ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಅವರು ಜಿಗ್ ಮಾಡುವ ಕೆಲಸದಲ್ಲಿದ್ದರು. ಜಿಗ್ ಅಂದರೆ ಉಕ್ಕಿನ ಚೌಕಟ್ಟು. ಅದರೊಳಗೆ ಬಿಡಿಭಾಗವನ್ನು ಕೂರಿಸಿದರೆ ಎಷ್ಟು ಸಲ ಕೊರೆದರೂ ತೂತು ಅದೇ ಜಾಗದಲ್ಲಿ ಬೀಳುತ್ತದೆ. ಇಂಥ ಕೆಲಸ ಮಾಡಿದವರಿಗೆ ಅಳತೆಯೇ ದೇವರು. ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ ಬಂದು ದೃಷ್ಟಿ ಅಂಚಿನಿಂದ ಒಳಗೊಳಗೆ ಮುಚ್ಚುತ್ತ ಬಂತು. ನಿವೃತ್ತಿಗೆ ಇನ್ನೂ ಸಮಯವಿರುವಾಗಲೇ ಕೆಲಸ ಬಿಟ್ಟು ಮನೆಯಲ್ಲಿ ಕೂತರು. ಬಸಲಿಂಗಮ್ಮ ರೊಟ್ಟಿ ಅಂಗಡಿ ಹಾಕಿದ್ದು ಆಗಲೇ.

ಕಣ್ಣು ಹೋದರೂ ಮನೆಯೊಳಗೆ ಶಿವಶರಣಪ್ಪ ಯಾರ ಹಂಗಿನಲ್ಲೂ ಇರಲಿಲ್ಲ. ಬಲಗೈ ಗೋಡೆಯ ಮೇಲಿಟ್ಟುಕೊಂಡು ಒಂದೇ ದಿಕ್ಕಿನಲ್ಲಿ ಮನೆ ಸುತ್ತುತ್ತಿದ್ದರು. ಮಂಚದಿಂದ ಬಾಗಿಲು, ಬಾಗಿಲಿನಿಂದ ಅಡುಗೆಮನೆ, ಅಲ್ಲಿಂದ ಬಚ್ಚಲು, ಮತ್ತೆ ಮಂಚ. ಆ ಮನೆಯೊಳಗೆ ಅವರೊಬ್ಬರಿಗೇ ಒಂದು ಒನ್‌ವೇ ರಸ್ತೆ ಇತ್ತು. ಚಹಾ ತಾವೇ ಕಾಯಿಸಿಕೊಳ್ಳುತ್ತಿದ್ದರು, ಹಾಲಿನವನಿಗೆ ಬಾಗಿಲು ತೆರೆಯುತ್ತಿದ್ದರು, ನಾನು ಹೋದರೆ ನನಗೂ ಒಂದು ಲೋಟ ಕೊಡುತ್ತಿದ್ದರು. ಅವರು ಹೀಗೆ ಒಬ್ಬರೇ ಇರಬಲ್ಲರು ಅನ್ನುವುದರ ಮೇಲೆಯೇ ಬಸಲಿಂಗಮ್ಮನ ಅಂಗಡಿ ನಿಂತಿತ್ತು.

ಅಷ್ಟರಲ್ಲಿ ಮನೆ ಬಿಡುವ ಪ್ರಸಂಗ ಬಂತು. ಬಾಗಿಲು ಪೂರ್ವಕ್ಕಿದ್ದ ಮನೆಗೆ ಹೈದರಾಬಾದಿನಲ್ಲಿ ಚಿನ್ನದ ಬೆಲೆ. ಉಡುಪಿಯಿಂದ ಬಂದ ದೀಪಕ ಅನ್ನುವ ಸಾಫ್ಟ್‌ವೇರ್ ಹುಡುಗನ ಅಪ್ಪ ಅಮ್ಮನಿಗೆ ಪೂರ್ವದ ಬಾಗಿಲೇ ಬೇಕಂತೆ. ಮಾಲೀಕರು ಇವರು ಬಾಡಿಗೆಗಿದ್ದ ಮನೆಯನ್ನು ಅವನಿಗೆ ಮಾರಿದರು. ಪುಣ್ಯಕ್ಕೆ ಅದೇ ಮಹಡಿಯಲ್ಲಿ, ನಡುವಿನ ಕಾರಿಡಾರಿನ ಆಚೆಗಿದ್ದ ಎದುರು ಮನೆಯೂ ಅವರದೇ, ಅದು ಖಾಲಿ ಇತ್ತು. ಪಶ್ಚಿಮದ ಬಾಗಿಲು, ಯಾರಿಗೂ ಬೇಡದ್ದು. "ಅದೇ ಮನೆ, ಅಷ್ಟೇ ಕೋಣೆ, ಎದುರಿಗೆ ಹೋಗೋದಷ್ಟೇ ಕೆಲಸ" ಎಂದು ಮಾಲೀಕರು ಇವರನ್ನು ಅಲ್ಲಿಗೆ ದಾಟಿಸಿದರು. ಹುಡುಗ ಒಳ್ಳೆಯವನೇ. ಮಂಚ ಹೊರಲು ತಾನೇ ಬಂದ.

ಮನೆ ಬದಲಿಸುವ ಮುಂಚೆ ಶಿವಶರಣಪ್ಪ ಹೆಂಡತಿಗೆ ಅಪ್ಪಣೆ ಕೊಟ್ಟರು. "ಒಂದರಿಂದ ಒಂದಕ್ಕಷ್ಟ ಅಲ್ಲ, ಎಲ್ಲದರಿಂದ ಎಲ್ಲದಕ್ಕೂ ಹುರಿ ಹಿಡಿ. ಮಂಚದಿಂದ ಬಾಗಿಲಿಗೆ, ಮಂಚದಿಂದ ಒಲಿಗೆ, ಬಾಗಿಲದಿಂದ ಒಲಿಗೆ. ಹುರಿ ಅಷ್ಟಕ್ಕ ಕತ್ತರಿಸಿ ಇಡು. ಅಲ್ಲಿ ಹೋಗಿ ಹಂಗ ಕೂಡಸು. ದೂರ ಕೆಡಲಿಲ್ಲಂದ್ರ ಏನೂ ಕೆಡೂದಿಲ್ಲ."

ಕೇಳಿ ನನಗೆ ಖುಷಿಯೋ ಖುಷಿ. ಗಣಿತದಲ್ಲಿ ಹೇಳುವುದೂ ಇದನ್ನೇ. ಕೆಲವು ಬಿಂದುಗಳನ್ನು ಅವುಗಳ ನಡುವಿನ ದೂರ ಒಂದೂ ಕೆಡದಂತೆ ಬೇರೊಂದು ಕಡೆ ಇಟ್ಟೆವೆನ್ನಿ. ಆಗ ಆ ಬಿಂದುಗಳನ್ನು ಮಾತ್ರವಲ್ಲ, ಸುತ್ತಲಿನ ಇಡೀ ಜಾಗವನ್ನೇ ಎಲ್ಲೂ ಹಿಗ್ಗದೆ ಕುಗ್ಗದೆ ಎತ್ತಿ ಅಲ್ಲಿಗೆ ಒಯ್ಯಬಹುದು. ನಾಲ್ಕು ಸಾಮಾನು ಸರಿಯಾಗಿ ಕೂತರೆ ಮನೆಗೆ ಮನೆಯೇ ಬಂದು ಕೂರುತ್ತದೆ. ನನ್ನ ಕಾಲೇಜಿನ ಮಕ್ಕಳು ಇದನ್ನು ಕೇಳುವಾಗ ಆಕಳಿಸುತ್ತಿದ್ದರು. ಇಲ್ಲಿ ಒಬ್ಬರು ಅದನ್ನು ನಂಬಿ ಸಂಸಾರವನ್ನೇ ಹೊರಡಿಸಿದ್ದರು.

ಬಸಲಿಂಗಮ್ಮ ಹುರಿಯ ತುಂಡುಗಳನ್ನು ಒಂದಕ್ಕೊಂದು ಬೆರೆಯದಂತೆ ಬಣ್ಣದ ಚಿಂದಿ ಕಟ್ಟಿ ಇಟ್ಟುಕೊಂಡರು. ಹೊಸ ಮನೆಯಲ್ಲಿ ಹಿಡಿದು ಹಿಡಿದು ಎಲ್ಲವನ್ನೂ ಕೂರಿಸಿದರು. ಮೊದಲ ದಿನ ಶಿವಶರಣಪ್ಪ ಮಂಚದಿಂದೆದ್ದು ನೆಟ್ಟಗೆ ಬಾಗಿಲಿಗೆ ನಡೆದು ಚಿಲಕದ ಮೇಲೆ ಕೈಯಿಟ್ಟರು. ಒಂದಿಷ್ಟೂ ತಪ್ಪಲಿಲ್ಲ. ನಾನೂ ದೀಪಕನೂ ಚಪ್ಪಾಳೆ ತಟ್ಟಿದೆವು. ಅವರು ಮೀಸೆ ತಿರುವಿದರು.

ಮರುದಿನದಿಂದ ಶುರುವಾಯಿತು ಗೋಳು. ಬಾಗಿಲಿನಿಂದ ಅಡುಗೆಮನೆಗೆ ಹೊರಟವರು ಹೋಗಿ ಪಾತ್ರೆಯ ಕಪಾಟಿಗೆ ಹಣೆ ಚಚ್ಚಿಕೊಂಡರು. ಇಲ್ಲಿ ಅಡುಗೆಮನೆ ಎಡಕ್ಕಿದೆ ಅಂತ ಹೇಳಿದ್ದೆವು, ಅವರಿಗೂ ಗೊತ್ತಿತ್ತು. ತಲೆಗೆ ಗೊತ್ತಿದ್ದರೆ ಸಾಕೇ? ಬಲಗೈ ತಾನೇ ಗೋಡೆ ಹುಡುಕುತ್ತಿತ್ತು, ಕಾಲು ಕೈಯ ಹಿಂದೆ ಹೋಗುತ್ತಿತ್ತು. ಒಂದು ದಿನ ಮೊಣಕಾಲು, ಒಂದು ದಿನ ಬೆರಳು. ಬೆಳಿಗ್ಗೆ ಬಸಲಿಂಗಮ್ಮ "ಎಡಕ್ಕ ಹೋಗ್ರಿ, ಎಡಕ್ಕ" ಅಂತ ಹೇಳಿ ಅಂಗಡಿಗೆ ಹೋದರೆ, ಬರುವಷ್ಟರಲ್ಲಿ ಯಾವುದಾದರೂ ಒಂದು ಗಾಯ ಆಗಿರುತ್ತಿತ್ತು.

"ಎಲ್ಲೋ ಒಂದು ಅಳತಿ ತಪ್ಪೈತಿ ನಿಂದು" ಅಂದರು ಶಿವಶರಣಪ್ಪ.

"ಎಲ್ಲಾ ಹುರಿ ಮತ್ತ ಹಿಡದು ನೋಡೀನ್ರಿ. ಒಂದೂ ತಪ್ಪಿಲ್ಲ."

"ಅಳತಿ ಸರಿ ಇದ್ದಮ್ಯಾಲ ನಾ ಯಾಕ ಬೀಳ್ತೀನಿ? ನನ್ನ ಕೆಲಸದಾಗ ಹಿಂಗ ಎಂದೂ ಆಗಿಲ್ಲ. ಮತ್ತ ಹಿಡಿ!"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನನ್ನ ಬಾಯಿಯ ತುದಿಗೆ ಬಂದಿತ್ತು. ಬಸಲಿಂಗಮ್ಮ ನೆಲದ ಮೇಲೆ ಮಂಡಿಯೂರಿ ಮತ್ತೆ ಹುರಿ ಹಿಡಿಯುತ್ತಿದ್ದದ್ದನ್ನು ನೋಡಿ ನುಂಗಿಕೊಂಡೆ. ಆಕೆಯ ಮುಖ ಕೆಂಪಗಾಗಿತ್ತು. ಇಷ್ಟು ವರ್ಷ ಎಡಚಿ ಅನ್ನಿಸಿಕೊಂಡವಳು ಈಗ ಅಳತೆ ಬಾರದವಳೂ ಆದಳು.

ಅದಾದ ವಾರವೇ ಆ ದಿನ ಬಂತು. ಮಧ್ಯಾಹ್ನ ಊಟದ ಹೊತ್ತಿಗೆ ಬಸಲಿಂಗಮ್ಮ ಬಂದು ಬಾಗಿಲು ತೆರೆದರೆ ಮಂಚ ಖಾಲಿ. ಕೂಗಿದರೆ ಉತ್ತರವಿಲ್ಲ. ಹೆದರಿ ನನ್ನನ್ನು ಕರೆದರು. ಶಿವಶರಣಪ್ಪ ಬಾಲ್ಕನಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು. ಬೆಳಿಗ್ಗೆ ಬಚ್ಚಲು ಹುಡುಕಿ ಹೊರಟವರಿಗೆ ಬಚ್ಚಲು ಸಿಕ್ಕಿರಲಿಲ್ಲ, ಹಿಂದಿರುಗಲು ಮಂಚವೂ ಸಿಕ್ಕಿರಲಿಲ್ಲ. ಧೋತರ ಒದ್ದೆಯಾಗಿತ್ತು. ನಾನು ತಕ್ಷಣ ಹೊರಗೆ ಬಂದುಬಿಟ್ಟೆ. ಮೆಟ್ಟಿಲ ಮೇಲೆ ಕೂತು ಅತ್ತೆ. ಅಳಬಾರದಾದರೂ ಯಾಕೆ? ಅಂಥ ಮನುಷ್ಯ ಹಾಗೆ ಕೂತದ್ದನ್ನು ನೋಡಬೇಕಾಗಿತ್ತೇ ನಾನು?

ಸಂಜೆ ಅವರು ಹೆಂಡತಿಗೆ ಹೇಳಿದ್ದು ಬಾಗಿಲ ಹೊರಗಿದ್ದ ನನಗೂ ಕೇಳಿಸಿತು. "ನನ್ನ ಸಿಂಧನೂರಿಗೆ ಕಳಸು, ಮಗಳ ಮನಿಯಾಗ ಬಿದ್ದಿರ್ತೀನಿ. ಇಲ್ಲಾಂದ್ರ ನೀ ಅಂಗಡಿ ಮುಚ್ಚು. ಎರಡರಾಗ ಒಂದು."

"ಮುಚ್ತೀನ್ರಿ" ಅಂದರು ಬಸಲಿಂಗಮ್ಮ.

ಆ ಒಂದು ಮಾತು ನನ್ನನ್ನು ಆ ರಾತ್ರಿಯಿಡೀ ಚುಚ್ಚಿತು. ಪರದೆಯ ಹಿಂದೆಯಾದರೂ ಸರಿ, ಆಕೆಯ ಎಡಗೈಗೆ ಅಂತ ಇದ್ದ ಜಾಗ ಅದೊಂದೇ. ದೂರ ಒಂದೂ ಕೆಟ್ಟಿಲ್ಲ, ಆದರೂ ಎಲ್ಲ ಕೆಟ್ಟಿದೆ. ಹೇಗೆ? ಬೆಳಿಗ್ಗೆ ಹಲ್ಲುಜ್ಜುತ್ತ ಕನ್ನಡಿ ನೋಡಿಕೊಂಡಾಗ ಹೊಳೆಯಿತು. ನನ್ನ ನಿಯಮಕ್ಕೆ ಒಂದು ಬಾಲವಿದೆ. ಜಾಗವನ್ನು ಎತ್ತಿ ಒಯ್ಯಬಹುದು, ಹೌದು. ಆದರೆ ಒಯ್ಯುವಾಗ ಕೆಲವೊಮ್ಮೆ ಕನ್ನಡಿಯೊಳಗಿನ ಮುಖದ ಹಾಗೆ ಮಗುಚಬೇಕಾಗುತ್ತದೆ.

ಮುಖ ತೊಳೆದವಳೇ ಕೆಳಗೆ ಓಡಿದೆ. ಬಸಲಿಂಗಮ್ಮ ಅಂಗಡಿಗೆ ಹೋಗದೆ ಮನೆಯಲ್ಲೇ ರೊಟ್ಟಿ ಮಾಡುತ್ತಿದ್ದರು. ಎರಡು ರೊಟ್ಟಿ ಕೇಳಿ ತೆಗೆದುಕೊಂಡು, ಒಂದರಲ್ಲಿ ಬೆರಳಿನಿಂದ ಮೂರು ತೂತು ಮಾಡಿದೆ. ಅದನ್ನು ಮಗುಚಿ ಎರಡನೆಯದರ ಮೇಲಿಟ್ಟು ಅದೇ ತೂತುಗಳನ್ನು ಅದರಲ್ಲೂ ಮಾಡಿದೆ. ಮೊದಲನೆಯದನ್ನು ಮತ್ತೆ ನೆಟ್ಟಗೆ ತಿರುಗಿಸಿ ಎರಡನ್ನೂ ಶಿವಶರಣಪ್ಪನವರ ಮುಂದೆ ಇಟ್ಟು, ತೂತುಗಳನ್ನು ಒಂದೊಂದಾಗಿ ಮುಟ್ಟಿಸಿದೆ.

"ಶಿವಶರಣಪ್ಪನವರೇ, ಇದು ಹಳೇ ಮನೆ, ಇದು ಹೊಸ ಮನೆ. ಮಂಚ, ಬಾಗಿಲು, ಒಲೆ. ದೂರ ಎಲ್ಲಾ ಒಂದೇ. ಒಂದರ ಮೇಲೊಂದು ಕೂರಿಸಿ ನೋಡಿ."

ಅವರು ಮೊದಲು ಬೇಡವೆಂದರು. ಆದರೆ ತೂತು ಅಂದರೆ ಅವರ ಕೈ ಸುಮ್ಮನಿರದು. ಬೆರಳು ಹಾಕಿ ಅಳೆದರು. ದೂರ ಸರಿ ಅಂದರು. ಒಂದು ರೊಟ್ಟಿಯನ್ನು ಇನ್ನೊಂದರ ಮೇಲಿಟ್ಟು ತಿರುಗಿಸಿದರು. ಮಂಚ ಮಂಚಕ್ಕೆ ಕೂತಿತು, ಬಾಗಿಲು ಬಾಗಿಲಿಗೆ ಕೂತಿತು. ಒಲೆ ಮಾತ್ರ ಎದುರು ಬದಿಗೆ ಹೋಯಿತು. ಒಲೆ ಕೂರಿಸಿದರೆ ಬಾಗಿಲು ಜಾರಿತು. ಎಷ್ಟು ತಿರುಗಿಸಿದರೂ ಅಷ್ಟೇ. ಅವರ ಹಣೆಯಲ್ಲಿ ಗೆರೆ ಬಿತ್ತು. ಆಮೇಲೆ ನಿಧಾನವಾಗಿ ಮೇಲಿನ ರೊಟ್ಟಿಯನ್ನು ಮಗುಚಿ ಇಟ್ಟರು. ಮೂರು ತೂತಿನಲ್ಲೂ ಮೂರು ಬೆರಳು ನೆಟ್ಟಗೆ ಇಳಿದವು.

"ಅಬ್ಬಾ!" ಅಂದರು. "ಎಡಾ ಬಲಾ ಪಾರ್ಟು! ಅಳತಿ ಎಲ್ಲಾ ಒಂದ, ಆದ್ರ ಒಂದರ ಜಿಗ್ಗಿನ್ಯಾಗ ಇನ್ನೊಂದು ಕೂಡೂದಿಲ್ಲ. ಎಷ್ಟು ಮಾಡೀನಿ ಕೈಯಾರೆ! ನನಗ ಹೊಳೀಲಿಲ್ಲ ನೋಡ್ರಿ." ಅಡುಗೆಮನೆಯ ಕಡೆ ಮುಖ ತಿರುಗಿಸಿ ಹೇಳಿದರು: "ಬಸಲಿಂಗೀ, ನಿನ್ನ ಅಳತಿ ತಪ್ಪಿರಲಿಲ್ಲ."

ಮತ್ತೆ ಮುಖ ಬಾಡಿತು. "ರೊಟ್ಟಿ ಮಗಚಬಹುದು ಮೇಡಂ. ಮನಿ ಮಗಚಾಕ ಆಗತೈತೇನು?"

ನನ್ನ ಗಣಿತ ಅಲ್ಲಿಗೆ ಮುಗಿದಿತ್ತು. ಉತ್ತರ ಬಂದದ್ದು ಅಡುಗೆಮನೆಯ ಬಾಗಿಲಿನಿಂದ. ಬಸಲಿಂಗಮ್ಮ ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದರು.

"ಮನಿ ಮಗಚಾಕ ಬರೂದಿಲ್ರಿ. ಮನಷ್ಯಾರ ಮಗಚ್ಕೋಬೇಕು. ಬಲಗೈ ಇಟ್ಟಲ್ಲಿ ಎಡಗೈ ಇಡ್ರಿ, ಮುಗೀತು."

"ಎಡಗೈಲೇ ಗ್ವಾಡಿ ಹಿಡಕೊಂಡು ಅಡ್ಡಾಡೂದಾ? ಒಲಿ ಮುಟ್ಟೂದಾ?"

"ದಿನಾ ಮುಂಜಾನೆ ಲಿಂಗ ಕುಂದರಸೂದು ಯಾ ಕೈಮ್ಯಾಲೆ? ಬಲಗೈಮ್ಯಾಲೇನು?"

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡದೆ ಶಿವಶರಣಪ್ಪ ಒಂದು ದಿನವೂ ನೀರು ಮುಟ್ಟಿದವರಲ್ಲ. ನಾನೂ ಸಮಯ ನೋಡಿ ಒಂದು ಸೇರಿಸಿದೆ: "ಹಳೇ ಮನೆಯಲ್ಲಿ ನೀವು ಬಲಗೈ ಗೋಡೆಗೆ ಇಟ್ಟು ಸುತ್ತುತ್ತಿದ್ದದ್ದು ಅಪ್ರದಕ್ಷಿಣೆ. ಈಗಲಾದರೂ ಪ್ರದಕ್ಷಿಣೆ ಆಗಲಿ ಬಿಡಿ."

"ಹೇಳಾಕ ಸುಲಭ" ಎಂದು ಗೊಣಗಿದರು. "ನಾ ಹುಟ್ಟಿದಾಗಿಂದ ಬಲಗೈಯವ. ಈಗ ಹ್ಯಾಂಗ ಕಲೀಲಿ?"

ಆಗ ಬಸಲಿಂಗಮ್ಮ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಸಿಟ್ಟಿನಿಂದ ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ನಾ ಕಲಸ್ತೀನಿ. ನಾ ಹುಟ್ಟಿದಾಗಿಂದ ಮಂದಿ ಉಲ್ಟಾ ಮನಿಯಾಗ ಅದೀನ್ರಿ. ಚಿಲಕ, ಕತ್ತರಿ, ನಿಮ್ಮವ್ವನ ಈಳಿಗಿ, ಎಲ್ಲಾ ನಿಮ್ಮ ಕೈಗೆ ಮಾಡಿದ್ದು. ನಾ ಮಗಚ್ಕೊಂಡ ಬದಕೀನಿ."

ಶಿವಶರಣಪ್ಪ ಎದ್ದು ನಿಂತು ಎಡಗೈ ಮುಂದೆ ಚಾಚಿದರು. ಬಸಲಿಂಗಮ್ಮ ಅದನ್ನು ಹಿಡಿದು ಗೋಡೆಯ ಮೇಲಿಟ್ಟರು. ಗೋಡೆಯ ಮೇಲೆ ಹಿಟ್ಟಿನ ಗುರುತು ಬಿತ್ತು.

ಬಲಗೈ ಹಟಮಾರಿ. ಅದು ಮುಂದೆ ಬಾರದಂತೆ ಬಸಲಿಂಗಮ್ಮ ಅದಕ್ಕೊಂದು ಬಟ್ಟೆ ಸುತ್ತಿದರು. ತನ್ನ ಅವ್ವ ಮಾಡಿದ್ದ ಕೆಲಸವನ್ನೇ ಆಕೆ ಗಂಡನಿಗೆ ಮಾಡುತ್ತಿದ್ದುದನ್ನು ನೋಡಿ ನನಗೆ ನಗು ಬಂತು. ಕಟ್ಟುವಾಗ ಆಕೆಯೂ ನಗುತ್ತಿದ್ದರು. ಆದರೆ ಶಿವಶರಣಪ್ಪ ನಗಲಿಲ್ಲ. ಬಟ್ಟೆಯ ಗಂಟನ್ನು ಎಡಗೈಯಿಂದ ಮುಟ್ಟಿ ನೋಡಿಕೊಂಡು, "ನಿನಗೂ ಹಿಂಗ ಕಟ್ಟತಿದ್ರೇನು?" ಅಂತ ಕೇಳಿದರು. ಇಷ್ಟು ವರ್ಷದ ಸಂಸಾರದಲ್ಲಿ ಅದನ್ನು ಅವರು ಕೇಳಿದ್ದು ಅದೇ ಮೊದಲು.

"ಇದಕ್ಕಿಂತ ಬಿಗಿ ಕಟ್ಟತಿದ್ರು" ಅಂದರು ಬಸಲಿಂಗಮ್ಮ.

ಮಂಚ ಮತ್ತು ಬಾಗಿಲು ಮೊದಲೇ ಗೊತ್ತಿದ್ದವು. ಎರಡೇ ಗೊತ್ತಿದ್ದರೆ ಮನೆ ಆ ಕಡೆಗೂ ಬೀಳಬಹುದು, ಈ ಕಡೆಗೂ ಬೀಳಬಹುದು. ಎಡಗೈಗೆ ಒಲೆ ಸಿಕ್ಕಿದ್ದೇ ತಡ, ಉಳಿದದ್ದನ್ನು ನಾವು ಕಲಿಸಲೇ ಇಲ್ಲ. ಬಚ್ಚಲು, ಕಪಾಟು, ನೀರಿನ ಕೊಡ, ಬಾಲ್ಕನಿ ಎಲ್ಲವೂ ಹುರಿ ಹಿಡಿದಿಟ್ಟ ದೂರದಲ್ಲೇ ಇದ್ದವು, ಒಂದೊಂದಾಗಿ ತಾವೇ ಬಂದು ಸೇರಿಕೊಂಡವು. ಹಣೆಯ ಗಾಯ ಮಾಯುವ ಮೊದಲೇ ಶಿವಶರಣಪ್ಪ ಚಹಾ ಕಾಯಿಸಿ ನನಗೊಂದು ಲೋಟ ಕೊಟ್ಟರು. ಸಕ್ಕರೆಯ ಬದಲು ಉಪ್ಪು ಬಿದ್ದಿತ್ತು. ಡಬ್ಬಿಗಳ ಸಾಲೂ ಉಲ್ಟಾ ಆಗಿದ್ದದ್ದು ಅವರಿಗೆ ಮರೆತಿತ್ತು. ಮಾತಾಡದೆ ಕುಡಿದೆ, ನನ್ನ ಜನ್ಮದಲ್ಲಿ ನಾನು ಬಾಯಿ ಮುಚ್ಚಿಕೊಂಡದ್ದು ಅಪರೂಪ.

ಬಸಲಿಂಗಮ್ಮ ಮತ್ತೆ ಅಂಗಡಿಗೆ ಹೋಗತೊಡಗಿದರು. ಒಂದು ಸಂಜೆ ಶಿವಶರಣಪ್ಪ, "ಮೇಡಂ, ನನ್ನ ಅಂಗಡಿ ತನಕ ಕರಕೊಂಡು ಹೋಗ್ರಿ" ಅಂದರು. ನಾನು ಬಲಗೈ ಹಿಡಿಯಲು ಹೋದರೆ ಎಡಗೈ ಕೊಟ್ಟರು.

ಅಂಗಡಿ ಮುಂದೆ ಜನ ಇದ್ದರು, ದೀಪಕನೂ ಅದರಲ್ಲಿದ್ದ. ಪರದೆಯ ಆಚೆಯಿಂದ ರೊಟ್ಟಿ ಬಡಿಯುವ ಸದ್ದು. ಶಿವಶರಣಪ್ಪ ಮೇಜಿನ ಅಂಚು ಹಿಡಿದು ಒಳಗೆ ಹೋದರು. ಕೈಗೆ ಪರದೆ ತಾಗಿತು. ಅದನ್ನು ಸರಿಸಲಿಲ್ಲ. ಮೇಲಕ್ಕೆ ತಡಕಿ, ಕಟ್ಟಿದ್ದ ದಾರ ಹುಡುಕಿ, ಒಂದು ಬದಿಯ ಗಂಟು ಬಿಚ್ಚಿದರು, ಆಮೇಲೆ ಇನ್ನೊಂದು ಬದಿಯದು. ಸೀರೆ ಅವರ ತೋಳಿನ ಮೇಲೆ ಬಿತ್ತು.

ಬಸಲಿಂಗಮ್ಮನ ಎಡಗೈ ರೊಟ್ಟಿಯ ಮೇಲೆಯೇ ನಿಂತುಬಿಟ್ಟಿತು. ಮುಚ್ಚಿಕೊಳ್ಳಲು ಸೆರಗಿಗೆ ಹೋಗುವುದರಲ್ಲಿತ್ತು.

"ಕಟ್ಟು ಅಂತ ನಾನ ಹೇಳಿದ್ದೆ. ತಪ್ಪಾತು. ನೀ ಬಡಿ" ಅಂದರು ಶಿವಶರಣಪ್ಪ, ಸೀರೆಯನ್ನು ಮಡಿಸುತ್ತ.

ನಾನು ಸಾಲಿನಲ್ಲಿದ್ದವರ ಮುಖ ನೋಡಿದೆ. ಯಾರಾದರೂ ಏನಾದರೂ ಅಂದರೆ ಅವರಿಗೆ ನನ್ನ ನಾಲಿಗೆಯ ರುಚಿ ತೋರಿಸುವವಳಿದ್ದೆ. ಎಲ್ಲರಿಗೂ ಆ ಕೈ ಕಾಣುತ್ತಿತ್ತು. ದೀಪಕ ಕತ್ತು ಚಾಚಿ ಒಲೆಯ ಕಡೆ ನೋಡಿದ.

"ಬಿಸಿ ಉಂಟಲ್ಲ ಅಮ್ಮ, ಇನ್ನೆರಡು ಕೊಡಿ" ಅಂದ.

ಅಷ್ಟೇ. ಅವ್ವ ಬಟ್ಟೆ ಸುತ್ತಿದ್ದು, ಅತ್ತೆ ಎಮ್ಮೆಗೆ ಹಾಕಿದ್ದು, ಇಷ್ಟು ವರ್ಷ ಪರದೆಯ ಹಿಂದೆ ಕೂತದ್ದು, ಎಲ್ಲದಕ್ಕೂ ಊರ ಮಂದಿ ಹೇಳಿದ್ದು ಇನ್ನೆರಡು ಕೊಡಿ ಎಂದು. ಬಸಲಿಂಗಮ್ಮನ ಕಣ್ಣು ತುಂಬಿ ಕೆನ್ನೆಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ಹಂಚಿನ ಮೇಲಿಂದ ಎರಡು ರೊಟ್ಟಿ ತೆಗೆದು, ಮೇಜಿನ ಹತ್ತಿರ ಬಂದು, ಎಡಗೈಯಲ್ಲೇ ಕೊಟ್ಟರು. ದೀಪಕ ತೆಗೆದುಕೊಂಡು ತಿನ್ನತೊಡಗಿದ.